ಸೆರಗು ಕಾಣುವ ಫೋಟೋ

ನಮ್ಮ ಮನೆಯಲ್ಲಿ ಅವ್ವನ ಫೋಟೋ ಒಂದೇ ಒಂದು ಇದೆ. 1964ರಲ್ಲಿ, ನಾನು ಏಳು ವರ್ಷದ ಹುಡುಗನಾಗಿದ್ದಾಗ, ಬಾಗಲಕೋಟೆಯ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಸೋದರಮಾವ ಸೊಲ್ಲಾಪುರದ ಗಿರಣಿಯ ಕೆಲಸಕ್ಕೆ ಹೊರಟಿದ್ದ. ತಂಗಿಯ ಮುಖ ಟ್ರಂಕಿನಲ್ಲಿ ಇರಲಿ ಎಂದು ಅವನಿಗೆ ಆಸೆಯಾಗಿತ್ತು. ಎರಡು ಪ್ರತಿ ಮಾಡಿಸಿ ಒಂದನ್ನು ಅವನು ಒಯ್ದ. ಇನ್ನೊಂದು ಗುಡೂರಿನ ನಮ್ಮ ಪಡಸಾಲೆಯ ಗೋಡೆಯ ಮೇಲೆ ಈಗಲೂ ಇದೆ.

ಆ ಫೋಟೋದ ಕತೆಯನ್ನು ಮೊದಲು ಹೇಳಬೇಕು. ಅಪ್ಪ ನೇಕಾರ. ನೂಲು ಸಾಹುಕಾರರದು, ಮಗ್ಗ ನಮ್ಮದು. ನೇಯ್ದ ಸೀರೆಯನ್ನು ಒಪ್ಪಿಸಿ ಮಜೂರಿ ಎಣಿಸಿಕೊಂಡು ಬರುವುದು. ಹೀಗಾಗಿ ಮನೆ ತುಂಬ ಸೀರೆ ಇದ್ದರೂ ಅವ್ವನಿಗೆಂದು ಒಂದು ಒಳ್ಳೆಯ ಇಳಕಲ್ ಸೀರೆ ಇರಲಿಲ್ಲ. ಫೋಟೋಕ್ಕೆ ಹೋಗುವ ಹಿಂದಿನ ದಿನವೇ ಮಗ್ಗದಿಂದ ಒಂದು ದಾಳಿಂಬೆ ಬಣ್ಣದ ಸೀರೆ ಇಳಿದಿತ್ತು. ಮರುದಿನ ಸಾಹುಕಾರರಿಗೆ ಮುಟ್ಟಿಸಬೇಕಾದದ್ದು. ಅಪ್ಪ ಅದನ್ನೇ ತೆಗೆದು ಕೊಟ್ಟ. "ಒಂದು ತಾಸಿನ ಮಾತು, ಉಡು" ಎಂದ. ಅವ್ವ ಅದನ್ನು ಗಂಟಿನಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ತಂದು, ಸ್ಟುಡಿಯೋದ ಒಳಕೋಣೆಯಲ್ಲಿ ಉಟ್ಟು, ಬಣ್ಣ ಬಳಿದ ತೋಟದ ಪರದೆಯ ಮುಂದೆ ಕುಳಿತಳು. ಸೀರೆ ಮುದುಡೀತೆಂಬ ಭಯದಿಂದ ಬೆನ್ನು ಕುರ್ಚಿಗೆ ತಗಲಿಸಲಿಲ್ಲ. ಬೆಳಕು ಫಳ್ಳೆಂದಿತು. ಸೀರೆ ಮತ್ತೆ ಗಂಟು ಸೇರಿತು. ಮರುದಿನ ಅದು ನಮ್ಮ ಮನೆ ಬಿಟ್ಟು ಹೋಯಿತು.

ಹದಿನೈದು ದಿನಕ್ಕೆ ಫೋಟೋ ಬಂತು. ಎದೆಯ ಮಟ್ಟಕ್ಕೆ ತೆಗೆದ ಚಿತ್ರ. ದೊಡ್ಡ ಕುಂಕುಮ, ಹೆದರಿದ ಕಣ್ಣು, ಸೀರೆಯೆಂದರೆ ಭುಜದ ಮೇಲೊಂದಿಷ್ಟು ಕಪ್ಪು ಛಾಯೆ. ಅಪ್ಪ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಕೊನೆಗೆ, "ಮಾರಿ ಬಂದೈತಿ. ಸೆರಗ ಬಂದಿಲ್ಲ" ಎಂದು ಗೋಡೆಗೆ ಮೊಳೆ ಹೊಡೆದ.

ಈ ಮಾತು ನನಗೆ ಮರೆತೇ ಹೋಗಿತ್ತು. ಅರವತ್ತು ವರ್ಷಗಳ ಮೇಲೆ ಅದನ್ನು ನೆನಪಿಸಿದವಳು ನನ್ನ ಅಣ್ಣನ ಮಗಳು.

ನಾನು ಓದಿ, ನೌಕರಿ ಹಿಡಿದು, ಧಾರವಾಡದಲ್ಲಿ ಮನೆ ಮಾಡಿ, ಈಗ ಪಿಂಚಣಿ ತಿನ್ನುತ್ತಿದ್ದೇನೆ. ಅಣ್ಣ ಗುಡೂರಿನಲ್ಲಿಯೇ ಉಳಿದು ಅಪ್ಪನ ಕುಣಿಮಗ್ಗದಲ್ಲಿ ಕುಳಿತ. ಅವನ ಇಬ್ಬರು ಗಂಡುಮಕ್ಕಳೂ ಮಗ್ಗದ ಕುಣಿಗೆ ಕಾಲಿಳಿಬಿಡದೆ ಬೆಂಗಳೂರು ಸೇರಿದರು. ಕಿರಿಯಳಾದ ಮಗಳು ಬಾಗಲಕೋಟೆಯಲ್ಲಿ ಬಿ.ಕಾಂ. ಮುಗಿಸಿ ಊರಿಗೆ ಮರಳಿದಳು. ಒಂದು ಸಂಜೆ ಅವಳ ಫೋನು ಬಂತು.

"ಕಾಕಾ, ನಮ್ಮ ಸೀರಿಗೆ ನಮ್ಮದಽ ಒಂದು ಬ್ರ್ಯಾಂಡ್ ಮಾಡೂಣು ಅಂತ ಮಾಡೇನ್ರಿ. ಸೀದಾ ಉಡಾವ್ರಿಗೆ ಮಾರೂದು."

ಹಿಂದಿನಿಂದ ಅಣ್ಣನ ಧ್ವನಿ ಕೇಳಿಸಿತು: "ಬ್ರ್ಯಾಂಡ್ ಅಂದ್ರ ಏನವಾ? ಎತ್ತಿಗೆ ಬರಿ ಹಾಕಿಧಂಗೇನು?"

ಅಣ್ಣ ಹಾಸ್ಯಕ್ಕೆ ಹೇಳಿದ್ದಾದರೂ ಮಾತು ಸರಿಯಾಗಿಯೇ ಇತ್ತು. ಇಂಗ್ಲಿಷಿನ ಆ ಶಬ್ದಕ್ಕೆ ಮೂಲದಲ್ಲಿ ಸುಡುವುದು ಎಂದೇ ಅರ್ಥ. ದನಕ್ಕೆ ಕಾದ ಕಬ್ಬಿಣದ ಗುರುತು ಹಾಕಿ, ಇದು ಇಂಥವರದು ಎಂದು ತೋರಿಸುತ್ತಿದ್ದರು. ನಮ್ಮ ಹುಡುಗಿ ಬಯಸಿದ್ದೂ ಅಷ್ಟೇ. ಇದು ಗುಡೂರಿನ ಈ ಮನೆಯಲ್ಲಿ ಕೈಯಿಂದ ನೇಯ್ದದ್ದು ಎಂದು ಕೊಳ್ಳುವವರಿಗೆ ತಿಳಿಯಬೇಕು. ಆ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಪ್ರಬಂಧ ಹೋಗಿ ಜಾಹೀರಾತಾದೀತು.

ಹೆಸರಿಟ್ಟದ್ದಾಯಿತು, ಚೀಟಿ ಅಚ್ಚಾಯಿತು. ಉಳಿದದ್ದು ಫೋಟೋ. ಪುಣೆಯಲ್ಲೋ ಮುಂಬಯಿಯಲ್ಲೋ ಕುಳಿತ ಹೆಣ್ಣುಮಗಳು ಸೀರೆಯನ್ನು ಕೈಯಲ್ಲಿ ಹಿಡಿದು ನೋಡಲಾರಳು; ಅಂಗೈಯಗಲದ ಫೋನಿನಲ್ಲಿ ನೋಡಿಯೇ ಕೊಳ್ಳಬೇಕು. ಮಹಾರಾಷ್ಟ್ರದವರು ಇದನ್ನು 'ಇರಕಲ್' ಎಂದು ಕರೆದು ತಲೆಮಾರುಗಳಿಂದ ಉಡುತ್ತ ಬಂದಿದ್ದಾರೆ. ಅವರಿಗೆ ಸೀರೆಯ ಪರಿಚಯ ಮಾಡಿಕೊಡಬೇಕಾದ್ದಿಲ್ಲ. ಆದರೆ ವಿದ್ಯುತ್ ಮಗ್ಗದಿಂದ ಬಂದ ಅಗ್ಗದ ಸೀರೆಯೂ ಅದೇ ಹೆಸರಿನಲ್ಲಿ, ಅದೇ ಬಣ್ಣದಲ್ಲಿ ಪಕ್ಕದಲ್ಲಿಯೇ ಕುಳಿತಿರುತ್ತದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಅದರ ನೋಂದಣಿ ಸಂಖ್ಯೆ 76. ಕೈಮಗ್ಗದ ಬಟ್ಟೆಗೆಂದು ಸರ್ಕಾರದ ಗುರುತೂ 2006ರಿಂದ ಇದೆ. ಇವೆಲ್ಲ ಚೀಟಿಯ ಮೇಲಿನ ಮಾತು. ಬಟ್ಟೆಯಲ್ಲಿ ಏನು ವ್ಯತ್ಯಾಸ ಎಂದು ಕೊಳ್ಳುವವಳು ಕೇಳಿದರೆ ತೋರಿಸುವುದು ಫೋಟೋದ ಕೆಲಸ.

ವ್ಯತ್ಯಾಸ ಇರುವುದು ಕೊಂಡಿಯಲ್ಲಿ. ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದು. ಎರಡರ ಎಳೆಗಳನ್ನು ಒಂದರೊಳಗೊಂದು ಕುಣಿಕೆಯಾಗಿ ಸಿಕ್ಕಿಸಿ ಕೂಡಿಸುತ್ತಾರೆ. ಅದೇ ಕೊಂಡಿ. ಆದ್ದರಿಂದ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಹೂಡಬೇಕು. ಕೆಂಪು ಸೆರಗಿನ ಮೇಲೆ ಬಿಳಿಯ ತೋಪುತೆನೆ, ಕೋಟೆಯ ಗೋಡೆಯ ತಲೆಯಂತೆ ಕಾಣುವ ಕೋಟಿಕಮ್ಮ, ಬಾಚಣಿಗೆಯ ಹಲ್ಲಿನಂಥ ಹಣಿಗೆ. ಇವು ನಮ್ಮ ಕಡೆಯ ಹೆಂಗಸರು ದೂರದಿಂದಲೇ ಗುರುತು ಹಿಡಿಯುವ ಕುರುಹುಗಳು. ಇಷ್ಟು ಸಂಗತಿ ಅಂಗೈಯಗಲದ ಚಿತ್ರದಲ್ಲಿ ಬರಬೇಕು.

ಆದರೆ ಇಷ್ಟನ್ನು ಫೋಟೋ ತೆಗೆಯುವವನಿಗೆ ಹೇಳಬೇಕೆಂಬುದು ನಮ್ಮ ಯಾರ ಬುದ್ಧಿಗೂ ಹೊಳೆಯಲಿಲ್ಲ. ಒಳ್ಳೆಯ ಫೋಟೋಗ್ರಾಫರನನ್ನು ಹಿಡಿದರೆ ಒಳ್ಳೆಯ ಫೋಟೋ ಬರುತ್ತದೆ ಎಂದು ತಿಳಿದಿದ್ದೆವು. ಹಣ ಕೊಡುವವನು ನಾನು. ಆರಿಸುವ ಅಧಿಕಾರವೂ ನನ್ನದೇ ಎಂದುಕೊಂಡೆ. ನಗರದ ಒಬ್ಬ ಪ್ರಸಿದ್ಧನನ್ನು ಗೊತ್ತುಮಾಡಿದೆ. ಅವನು ತನ್ನ ಕೆಲಸದ ಇಪ್ಪತ್ತು ಚಿತ್ರ ತೋರಿಸಿದ. ಒಡವೆ, ಮಿಠಾಯಿ, ಮದುಮಗಳು, ಮೋಟಾರು, ಎಲ್ಲವೂ ಒಂದೇ ಬಂಗಾರದ ಬೆಳಕಿನಲ್ಲಿ ಮಿಂದಿದ್ದವು. ನಾನು ಬೆರಗಾದೆ. ಮೋಟಾರಿಗೂ ಮದುಮಗಳಿಗೂ ಒಂದೇ ಬೆಳಕು ಏಕೆ ಎಂದು ಆಗಲೇ ಅನುಮಾನ ಬರಬೇಕಿತ್ತು.

ಅವನು ಬಂದ. ಜೊತೆಗೆ ಇಬ್ಬರು ಸಹಾಯಕರು, ಒಬ್ಬಳು ತೆಳ್ಳಗಿನ ಹುಡುಗಿ, ಪೆಟ್ಟಿಗೆಗಳು, ಛತ್ರಿಗಳು. ಅತ್ತಿಗೆ ರೊಟ್ಟಿ, ಎಣಗಾಯಿ ಮಾಡಿದ್ದರು. ಅಮೀನಗಡದಿಂದ ಕರದಂಟು ತರಿಸಿದ್ದರು. ಊಟವಾದ ಮೇಲೆ, "ಐಹೊಳೆಗೆ ಹೋಗೋಣ, ಕಲ್ಲಿನ ಹಿನ್ನೆಲೆ ಚೆನ್ನಾಗಿರುತ್ತದೆ" ಎಂದ. ಹೋದೆವು. ಗುಡಿಯ ಕಾವಲುಗಾರ ಪೆಟ್ಟಿಗೆಗಳನ್ನು ನೋಡಿ ಅನುಮತಿಪತ್ರ ಕೇಳಿದ. ಸಂರಕ್ಷಿತ ಸ್ಮಾರಕದಲ್ಲಿ ವ್ಯಾಪಾರದ ಚಿತ್ರ ತೆಗೆಯಬೇಕಾದರೆ ಪುರಾತತ್ವ ಇಲಾಖೆಯ ಅಪ್ಪಣೆಯನ್ನು ಮೊದಲೇ ಪಡೆದಿರಬೇಕು. ಅದು ನಮಗೂ ತಿಳಿದಿರಲಿಲ್ಲ, ಅವನೂ ವಿಚಾರಿಸಿರಲಿಲ್ಲ. ಅರ್ಧ ದಿನ ಹೋಯಿತು. ಕೊನೆಗೆ ಜೋಳದ ಹೊಲದಲ್ಲಿ, ಸೂರ್ಯ ಮುಳುಗುವ ಹೊತ್ತಿನಲ್ಲಿ, ಆ ಹುಡುಗಿ ಸೆರಗನ್ನು ಗಾಳಿಗೆ ಹಾರಿಬಿಟ್ಟು ಓಡಿದಳು. ಅವನು ಒಂದೇ ಸಮನೆ ತೆಗೆದ.

ಚಿತ್ರಗಳು ಬಹಳ ಚೆಲುವಾಗಿದ್ದವು. ಸುಳ್ಳು ಏಕೆ ಹೇಳಲಿ, ನಾನು ಒಂದನ್ನು ನನ್ನ ಫೋನಿನ ಮುಖಕ್ಕೇ ಹಾಕಿಕೊಂಡೆ. ಅಣ್ಣ ಮಾತ್ರ ಎಲ್ಲವನ್ನೂ ಒಂದೊಂದಾಗಿ ಸರಿಸಿ ನೋಡಿ ಸುಮ್ಮನಾದ. ಮೊದಲು ಹೋದ ನಾಲ್ಕು ಸೀರೆಗಳಲ್ಲಿ ಮೂರು ಮರಳಿ ಬಂದವು. ಮೂರಕ್ಕೂ ಒಂದೇ ಕಾರಣ: ಚಿತ್ರದ ಬಣ್ಣ ಬೇರೆ, ಸೀರೆಯ ಬಣ್ಣ ಬೇರೆ. ಸಂಜೆಯ ಬಿಸಿಲು ದಾಳಿಂಬೆಯ ಬಣ್ಣವನ್ನು ಕಿತ್ತಳೆ ಮಾಡಿತ್ತು. ಗಿಳಿಹಸಿರು ಒಣಹುಲ್ಲಾಗಿತ್ತು. ಒಬ್ಬಾಕೆ, "ಇದು ಕೈಮಗ್ಗದ್ದೆಂದು ಹೇಗೆ ನಂಬಲಿ?" ಎಂದು ಬರೆದಿದ್ದಳು. ಹುಡುಗಿ ಅವಳಿಗೆ ಕೊಂಡಿಯ ಚಿತ್ರ ಕಳಿಸಬೇಕೆಂದು ಹುಡುಕಿದಳು. ಮುನ್ನೂರಕ್ಕೂ ಮಿಕ್ಕಿದ ಚಿತ್ರಗಳಲ್ಲಿ ಕೊಂಡಿ ಕಾಣುವುದು ಒಂದೂ ಇರಲಿಲ್ಲ. ಸೆರಗೆಲ್ಲ ಗಾಳಿಯಲ್ಲಿತ್ತು.

ಆ ರಾತ್ರಿ ಅವಳು ಫೋನಿನಲ್ಲಿ ಅತ್ತಳು. ನಾನು ಕೊಟ್ಟ ನಲವತ್ತು ಸಾವಿರ ಹೋಯಿತೆಂದಲ್ಲ. ಅಣ್ಣ ಮಗ್ಗವನ್ನು ಮಾರುವ ಮಾತೆತ್ತಿದ್ದ. "ಬಿಡವಾ, ನಮ್ಮ ಕಾಲಕ್ಕ ಮುಗೀಲಿ" ಎಂದಿದ್ದ. ಆಮೇಲೆ ಅವಳೇ ಹೇಳಿದಳು: "ಗ್ವಾಡಿಮ್ಯಾಗಿನ ಅಮ್ಮನ ಫೋಟೋ ನೋಡಿದೆ ಕಾಕಾ. ಇದೂ ಹಂಗಽ ಆತು."

ಗೋಡೆಯ ಫೋಟೋ ತೆಗೆದವನದಾಗಲಿ, ಈ ಪ್ರಸಿದ್ಧನದಾಗಲಿ ತಪ್ಪೆಂದು ನಾನು ಹೇಳಲಾರೆ. ಮುಖ ಬೇಕೆಂದು ಮಾವ ಕೇಳಿದ್ದ, ಮುಖ ಬಂತು. ಚೆಲುವು ಬೇಕೆಂದು ನಾನು ಕೇಳಿದ್ದೆ, ಚೆಲುವು ಬಂತು. ಸೆರಗು ಬೇಕೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ.

ಈ ವಿಷಯದಲ್ಲಿ ಹಳಬರು ನಮಗಿಂತ ಜಾಣರು. 1855ರಲ್ಲಿ ಮುಂಬಯಿ ಸರ್ಕಾರ ಬಿಗ್ಸ್ ಎಂಬ ಫಿರಂಗಿ ದಳದ ಕ್ಯಾಪ್ಟನನನ್ನು ಫೋಟೋ ತೆಗೆಯಲೆಂದೇ ನೇಮಿಸಿ ನಮ್ಮ ಕಡೆಗೆ ಕಳಿಸಿತು. ವಿಜಾಪುರ, ಬಾದಾಮಿ, ಐಹೊಳೆ ಎಲ್ಲವನ್ನೂ ಅವನು ತೆಗೆದ. ಅವನ ಬಳಿಕ ಡಾಕ್ಟರ್ ಪಿಗೌ ಮುಂದುವರಿಸಿದ. ಇವರ ಮತ್ತು ಡಾಕ್ಟರ್ ನೀಲ್ ಎಂಬುವನ ಚಿತ್ರಗಳು ಸೇರಿ 1866ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. ಅವರ ಉದ್ದೇಶ ನಿಶ್ಚಿತವಾಗಿತ್ತು: ಗುಡಿ ಹೇಗಿದೆ, ಕಂಬ ಹೇಗಿದೆ, ಕೆತ್ತನೆ ಹೇಗಿದೆ ಎಂಬುದು ದೂರದಲ್ಲಿ ಕುಳಿತವರಿಗೆ ತಿಳಿಯಬೇಕು. ಆ ಕಾಲದ ಇಂಥ ಚಿತ್ರಗಳಲ್ಲಿ ಗೋಡೆಯ ಬದಿಗೆ ಒಬ್ಬ ಮನುಷ್ಯನನ್ನು ನಿಲ್ಲಿಸಿರುವುದುಂಟು. ಅವನನ್ನು ನೋಡಿ ಗುಡಿಯ ಎತ್ತರವನ್ನು ಅಳೆಯಬಹುದು. ನಾವು ಅದೇ ಐಹೊಳೆಯ ಬಾಗಿಲಿಗೆ ಹೋಗಿ, ಏನು ತೋರಿಸಬೇಕೆಂದು ತಿಳಿಯದೆ ಬಂದೆವು.

ಎರಡನೆಯ ಸಲ ಆರಿಸುವ ಕೆಲಸವನ್ನು ಹುಡುಗಿಯೇ ವಹಿಸಿಕೊಂಡಳು. ಬಂಧುಗಳಲ್ಲಿ ಒಬ್ಬ, "ಪುಕ್ಕಟೆ ತೆಗೆದುಕೊಡ್ತೀನಿ" ಎಂದು ಮುಂದೆ ಬಂದ. ಅವಳು ನಯವಾಗಿ ಬೇಡವೆಂದಳು. ಪುಕ್ಕಟೆ ಬಂದವನಿಗೆ, ಇದು ಸರಿಯಾಗಿಲ್ಲ, ಇನ್ನೊಮ್ಮೆ ತೆಗೆ ಎನ್ನಲು ಬಾಯಿ ಬರುವುದಿಲ್ಲ. ಕೊನೆಗೆ ಆರಿಸಿದ್ದು ನಮ್ಮ ತಾಲೂಕಿನಲ್ಲಿಯೇ ಮದುವೆ, ಸೀಮಂತಗಳ ಫೋಟೋ ತೆಗೆಯುವ ಒಬ್ಬ ತರುಣನನ್ನು. ನಾನು ಮೂಗು ಮುರಿದೆ. ಆರಿಸಿದ ಕಾರಣವನ್ನು ಅವಳು ಹೇಳಿದಳು. ಒಳ್ಳೆಯ ಇಪ್ಪತ್ತನ್ನು ತೋರಿಸು ಎನ್ನದೆ, ಒಂದೇ ಮದುವೆಯ ಎಲ್ಲ ಚಿತ್ರಗಳನ್ನೂ ತೋರಿಸು ಎಂದು ಅವಳು ಕೇಳಿದ್ದಳು. ಆ ಮದುವೆಯ ಮನೆಗೆ ಹೋಗಿ ಚಿತ್ರದಲ್ಲಿದ್ದ ಸೀರೆಯನ್ನು ಪೆಟ್ಟಿಗೆಯಿಂದ ತೆಗೆಸಿ ಬಣ್ಣ ತಾಳೆ ನೋಡಿದ್ದಳು. ಎಲ್ಲಕ್ಕಿಂತ ಮುಖ್ಯವಾಗಿ, ಎಷ್ಟು ಕೊಡುತ್ತೀರಿ ಎನ್ನುವುದಕ್ಕೆ ಮೊದಲು ಅವನು, "ಈ ಫೋಟೋ ನೋಡಿದಾವ್ರಿಗೆ ಏನು ಗೊತ್ತಾಗಬೇಕ್ರಿ?" ಎಂದು ಕೇಳಿದ್ದನಂತೆ.

ಮೊದಲ ದಿನ ಅವನು ಕ್ಯಾಮೆರಾ ಇಲ್ಲದೆ ಬಂದ. ಪಡಸಾಲೆ, ಹಿತ್ತಲು, ಮಗ್ಗದ ಕೋಣೆ ಎಲ್ಲ ಸುತ್ತಿದ. ಬಡಗು ಮುಖದ ಪಡಸಾಲೆಯಲ್ಲಿ ಎಂಟರಿಂದ ಹತ್ತೂವರೆಯವರೆಗಿನ ಬೆಳಕು ಸಾಕು, ನೇರ ಬಿಸಿಲು ಬೇಡ ಎಂದ. ನೆರೆಮನೆಯವರು ಕಟ್ಟಿದ್ದ ನೀಲಿ ತಾಡಪತ್ರಿಯನ್ನು ನೋಡಿ, "ಅದನ್ನ ಆ ಹೊತ್ತಿಗೆ ಬಿಚ್ಚಿಸ್ರಿ, ಬಿಳಿ ಎಲ್ಲಾ ನೀಲಿ ಆಗತೈತಿ" ಎಂದ. ಕಣ್ಣಿಗೆ ಕಾಣದ ಈ ನೀಲಿ ಕ್ಯಾಮೆರಾಕ್ಕೆ ಕಾಣುತ್ತದೆ ಎಂಬುದು ನನಗೆ ಹೊಸ ವಿಷಯ.

ಇಬ್ಬರೂ ಕುಳಿತು ಒಂದು ನೋಟುಬುಕ್ಕಿನಲ್ಲಿ ಯೋಜನೆ ಬರೆದರು. ಒಂದು ಬೆಳಗಿಗೆ ಹನ್ನೆರಡು ಸೀರೆ, ಹೆಚ್ಚಿಲ್ಲ. ಸೀರೆಗೆ ಆರು ಚಿತ್ರ: ಮಡಿಕೆ, ದಡಿ, ಹಾಸಿದ ಸೆರಗು, ಹತ್ತಿರದಿಂದ ಕೊಂಡಿ, ಹಿಂಬದಿ, ಉಟ್ಟದ್ದು. ಪ್ರತಿ ಸೀರೆಯ ಮೊದಲ ಚಿತ್ರದಲ್ಲಿ ಬದಿಗೊಂದು ಬಿಳಿಯ ಕಾಗದ; ಕಾಗದ ಬಿಳಿದಾಗಿ ಕಾಣುವಂತೆ ಸರಿಪಡಿಸಿದರೆ ಕೆಂಪು ತಾನೇ ತನ್ನ ಜಾಗಕ್ಕೆ ಬರುತ್ತದೆ. ಚಂದ್ರಕಾಳಿಯ ಹೆಸರಿನ ಮುಂದೆ ಕೆಂಪು ಗೆರೆ ಎಳೆದಿದ್ದರು. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಅದು ಕಪ್ಪನ್ನು ಬೂದಿ ಮಾಡುತ್ತದಂತೆ; ಬೆಳಕನ್ನು ಬೇಕೆಂದೇ ತಗ್ಗಿಸಬೇಕು. ಸಣ್ಣ ಚೌಕಳಿಯ ಸೀರೆ ಫೋನಿನಲ್ಲಿ ನೀರಿನ ಅಲೆಯಂತೆ ಕುಣಿಯುತ್ತದೆ. ಅದಕ್ಕೆ ತುಸು ದೂರ ಬದಲಿಸಿ ಎರಡೆರಡು ಸಲ ತೆಗೆಯಬೇಕು. ಇಸ್ತ್ರಿ ಯಾರು, ಬಾಗಿಲಲ್ಲಿ ಮಕ್ಕಳನ್ನು ತಡೆಯುವವರು ಯಾರು, ಮೋಡವಾದರೆ ಯಾವ ದಿನ, ಎಲ್ಲವೂ ಇತ್ತು.

ಹಣದ ಮಾತೂ ಕಾಗದಕ್ಕೆ ಬಂತು. ಎಷ್ಟು ಚಿತ್ರ, ಎಂದು ಕೊಡುವುದು, ಬಣ್ಣ ತಪ್ಪಿದರೆ ಯಾರ ಖರ್ಚಿನಲ್ಲಿ ಮತ್ತೆ ತೆಗೆಯುವುದು. ಚಿತ್ರ ಯಾರದು ಎಂಬ ಪ್ರಶ್ನೆಗೆ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿಯೇ ಉತ್ತರವಿದೆ. ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋದ ಹಕ್ಕು, ಬೇರೆ ಕರಾರಿಲ್ಲದಿದ್ದರೆ, ತೆಗೆಸಿದವರದು. ಆದರೂ ಅವಳು ಅದನ್ನು ಬರೆದಳು. ಅವನೂ ಒಂದು ಸಾಲು ಬರೆಸಿದ: ತನ್ನ ಕೆಲಸವೆಂದು ನಾಲ್ಕು ಚಿತ್ರಗಳನ್ನು ಬೇರೆಯವರಿಗೆ ತೋರಿಸಬಹುದು. ಇಬ್ಬರಿಗೂ ಸಮಾಧಾನವಾಯಿತು.

ಆ ದಿನ ನಾನೂ ಹೋಗಿದ್ದೆ. ಅಣ್ಣ ಬೆಳಿಗ್ಗೆಯೇ ಮಿಂದು, ಹೊಸ ಅಂಗಿ ತೊಟ್ಟು, ಮಗ್ಗದ ಮುಂದೆ ಕೈಕಟ್ಟಿ ನೆಟ್ಟಗೆ ನಿಂತ. ತರುಣ ನಕ್ಕು, "ಯಜಮಾನ್ರ, ನೀವು ದಿನಾ ಹೆಂಗ ನೇಯ್ತೀರಿ ಹಂಗಽ ನೇಯ್ರಿ. ನಾ ಇಲ್ಲಂತ ತಿಳಕೋರಿ" ಎಂದ. ಅಣ್ಣ ಹಳೆಯ ಬನಿಯನ್ನಿಗೆ ಮರಳಿದ. ಲಾಳಿಯ ಸದ್ದು ಸುರುವಾಯಿತು. ಕಾಲು ತಾಸಿನಲ್ಲಿ ಅವನಿಗೆ ನಿಜವಾಗಿಯೂ ಕ್ಯಾಮೆರಾ ಮರೆಯಿತು.

ಕಂಡಿಕೆ ಸುತ್ತಲು ಬರುವ ನೆರೆಮನೆಯ ದೊಡ್ಡವ್ವ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. "ನನ್ನ ಮಾರಿ ಎಲ್ಲೆಲ್ಲಿ ಹೊಕ್ಕೈತಿ? ಯಾರ್ ಯಾರ್ ನೋಡ್ತಾರ? ನನಗೇನ್ ಬರತೈತಿ?" ಎಂದು ಮೂರು ಪ್ರಶ್ನೆ ಕೇಳಿದಳು. ಮೂರೂ ನ್ಯಾಯವಾದ ಪ್ರಶ್ನೆ. ಹುಡುಗಿ ಎದುರಿಗೆ ಕುಳಿತು ಮೂರಕ್ಕೂ ಉತ್ತರ ಹೇಳಿದಳು: ಆ ದಿನದ ಕೂಲಿಯ ಮೇಲೆ ಅಷ್ಟೇ ಹಣ, ಬೇಡವೆಂದ ಚಿತ್ರ ಅಲ್ಲಿಯೇ ಅಳಿಸುವುದು. ದೊಡ್ಡವ್ವ ಕೈ ತೆಗೆಯಲು ಒಪ್ಪಿದಳು, ಮುಖ ಬೇಡವೆಂದಳು. ಸುಕ್ಕುಗಟ್ಟಿದ ಆ ಎರಡು ಕೈ, ನಡುವೆ ಕೆಂಪು ಎಳೆ. ಆ ದಿನದ ಅತ್ಯುತ್ತಮ ಚಿತ್ರ ಅದೇ ಎಂದು ನನ್ನ ಎಣಿಕೆ.

ಉಟ್ಟು ತೋರಿಸುವುದಕ್ಕೆ ಅತ್ತಿಗೆಯನ್ನೇ ನಿಲ್ಲಿಸಿದರು. ದಾಳಿಂಬೆ ಬಣ್ಣದ ಸೀರೆ. ಹುಡುಗಿ ಬೇಕೆಂದೇ ಆರಿಸಿದ್ದಳು. ಅತ್ತಿಗೆ ತಲೆಯ ಮೇಲೆ ಸೆರಗು ಹೊದ್ದು, ಅದರ ತುದಿಯನ್ನು ಮುಂದಕ್ಕೆ ತಂದು ಹಿಡಿದರು. ತೋಪುತೆನೆಯೂ ಕೊಂಡಿಯ ಗೆರೆಯೂ ನೇರವಾಗಿ ಕಂಡವು. ಆದರೆ ಅವರು ಗೋಡೆಗೆ ಒರಗದೆ, ಉಸಿರು ಬಿಗಿಹಿಡಿದು ನಿಂತಿದ್ದರು. "ಒರಗು ಯವ್ವಾ" ಎಂದಳು ಮಗಳು. "ಮುದುಡಿದ್ರ ಯಾರ್ ತೊಗೋತಾರ?" ಎಂದರು ಅತ್ತಿಗೆ.

ಹುಡುಗಿ ನೋಟುಬುಕ್ಕನ್ನು ತೆರೆದು ನನ್ನ ಮುಂದೆ ಹಿಡಿದಳು. ಖರ್ಚಿನ ಪಟ್ಟಿಯಲ್ಲಿ, ಫೋಟೋಗ್ರಾಫರ್, ಇಸ್ತ್ರಿ, ಚಹಾ, ದೊಡ್ಡವ್ವನ ಹಣ ಎಲ್ಲ ಆದ ಮೇಲೆ ಕೊನೆಯ ಸಾಲು: ಒಂದು ಸೀರೆ, ಉಟ್ಟವರಿಗೆ.

"ಉಟ್ಟ ಸೀರಿ ಮಾರಂಗಿಲ್ಲ ಕಾಕಾ" ಎಂದಳು. "ಅದು ಫೋಟೋದ ಖರ್ಚು."

ಅತ್ತಿಗೆಗೆ ಅದನ್ನು ಎರಡು ಸಲ ಹೇಳಬೇಕಾಯಿತು. ಆಮೇಲೆ ಅವರು ಮೆಲ್ಲಗೆ ಗೋಡೆಗೆ ಒರಗಿದರು.

ಇದೆಲ್ಲದರ ಫಲವೇನೆಂದು ವಾಚಕರು ಕೇಳಬಹುದು. ಅಣ್ಣನ ಮನೆಯ ಮೇಲೆ ಮಹಡಿ ಎದ್ದಿಲ್ಲ. ತಿಂಗಳಿಗೆ ಮಗ್ಗದಿಂದ ಇಳಿಯುವ ಸೀರೆಗಳು ಹೋಗುತ್ತಿವೆ. ಆಮೇಲೆ ಮರಳಿ ಬಂದದ್ದು ಒಂದೇ, ಅದೂ ವಿಳಾಸ ತಪ್ಪಿ. ಮಗ್ಗ ಮಾರುವ ಮಾತು ನಿಂತಿದೆ. ಚಂದ್ರಕಾಳಿಯ ಚಿತ್ರ ಇನ್ನೂ ಸರಿಯಾಗಿಲ್ಲವೆಂದು ಹುಡುಗಿಗೂ ತರುಣನಿಗೂ ವಾದ ನಡೆದೇ ಇದೆ.

ಕಳೆದ ಸಲ ಊರಿಗೆ ಹೋದಾಗ ಅಣ್ಣ ಸ್ಟೂಲು ಹತ್ತಿ, ಅವ್ವನ ಫೋಟೋದ ಪಕ್ಕದಲ್ಲಿ ಮೊಳೆ ಹೊಡೆಯುತ್ತಿದ್ದ. ಅತ್ತಿಗೆಯ ಆ ಚಿತ್ರಕ್ಕೆ ಕಟ್ಟು ಹಾಕಿಸಿ ತಂದಿದ್ದ. ತೂಗುಹಾಕಿ, ಕೆಳಗಿಳಿದು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ನಾನು ಏನೂ ಕೇಳಿರಲಿಲ್ಲ.

"ಸೆರಗ ಬಂದೈತಿ" ಎಂದ.